ಆಷಾಢದ ಹಾಯಿದೋಣಿ

ನಾವು ಅಂಡಮಾನಿಗೆ ಹೋಗಿ ಹಾಯಿದೋಣಿ ಹತ್ತದೇ ಇದ್ದದ್ದಕ್ಕೆ ಅಜ್ಜಿಯೇ ಕಾರಣ ಎಂಬುದು ನಮ್ಮ ಬಳಗದಲ್ಲಿ ಈಗ ತೀರ್ಮಾನವಾಗಿಹೋದ ವಿಷಯ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಎರಡನೇ ಪಂಕ್ತಿಗೆ ಎಲೆ ಹಾಕುವಷ್ಟರಲ್ಲಿ ಚಿಕ್ಕಪ್ಪ ಕಥೆ ಶುರು ಮಾಡಿರುತ್ತಾರೆ. ಎಲ್ಲ ತಯಾರಾಗಿತ್ತಂತೆ, ಅಜ್ಜಿ ‘ಆಷಾಢ’ ಎಂದಳಂತೆ, ದೋಣಿ ದಡದಲ್ಲೇ ಮುಳುಗಿತಂತೆ. ಜನ ನಗುತ್ತಾರೆ. ಅಜ್ಜಿಯೂ ನಗುತ್ತಾಳೆ. ನನ್ನ ಆಕ್ಷೇಪ ಶುರುವಾಗುವುದೇ ಇಲ್ಲಿಂದ. ಆರೋಪಿ ನಕ್ಕ ಮಾತ್ರಕ್ಕೆ ಆರೋಪ ಸಾಬೀತಾಗುವುದಿಲ್ಲ. ಮೇಲಾಗಿ ಚಿಕ್ಕಪ್ಪ ಆಗ ತುಮಕೂರಿನಲ್ಲಿದ್ದರು. ಅವರದು ಪೂರ್ತಿ ಕೇಳಿದ ಮಾತು. ನಾನು ಸ್ಥಳದಲ್ಲೇ ಇದ್ದೆ. ಅದೂ ಅಜ್ಜಿಯ ಎದುರು ಪಕ್ಷದಲ್ಲಿ.

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮದುವೆ ಸಾಮಾನಿನ ಅಂಗಡಿ. ಪೇಟ, ಅಂತರಪಟ, ಚಿತ್ತಾರದ ಕೊಬ್ಬರಿ, ಎಲ್ಲಕ್ಕಿಂತ ಮುಖ್ಯವಾಗಿ ಬಾಸಿಂಗ. ಮೊದಲು ಅಜ್ಜಿ ನಡೆಸುತ್ತಿದ್ದ ಅಂಗಡಿಯನ್ನು ಈಗ ಅಮ್ಮ ನಡೆಸುತ್ತಾಳೆ. ಬಾಸಿಂಗವನ್ನೆಲ್ಲ ಅವಳೇ ಕೈಯಾರೆ ಕಟ್ಟುತ್ತಾಳೆ. ಅಪ್ಪನಿಗೆ ಸರ್ಕಾರಿ ಆಫೀಸು. ಸಿಟಿ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವ ಮನುಷ್ಯನಾದ್ದರಿಂದ ಸಮುದ್ರದ ಮಾತು ಬಂದ ದಿನವೇ ಅವರು ಕೈಮುಗಿದು ಹೊರಗುಳಿದರು.

ಹೋದ ವರ್ಷ ವೈಶಾಖದಲ್ಲಿ ಬಾಸಿಂಗಕ್ಕೆ ಬಂದ ಹುಡುಗಿಯೊಬ್ಬಳು, ಮದುವೆಯಾದ ಮೇಲೆ ತಾನು ಹೋಗಲಿದ್ದ ಹಾಯಿದೋಣಿಯ ವಿಡಿಯೋ ತೋರಿಸಿದಳು. ಇಡೀ ದೋಣಿಯನ್ನೇ ಬಾಡಿಗೆಗೆ ಕೊಡುತ್ತಾರೆ, ನಡೆಸುವುದಕ್ಕೆ ಅವರದೇ ಜನ, ಅಡಿಗೆಗೊಬ್ಬರು, ದ್ವೀಪದಿಂದ ದ್ವೀಪಕ್ಕೆ ಐದು ದಿನ. ಅಮ್ಮ ಮೂರು ಸಲ ನೋಡಿದಳು. ಹುಡುಗಿ ಹೋದ ಮೇಲೆ ನನ್ನ ಕಡೆ ತಿರುಗಿ, “ಇದನ್ನ ಹೊಸದಾಗಿ ಮದುವೆ ಆದೋರಿಗೆ ಮಾತ್ರ ಕೊಡ್ತಾರಾ, ಇಲ್ಲಾ ಇಪ್ಪತ್ತೈದು ವರ್ಷದ ಹಿಂದೆ ಆದೋರಿಗೂ ಕೊಡ್ತಾರಾ?” ಎಂದಳು.

ನನಗೆ ತಿಳಿದಂತೆ ಅಮ್ಮ ತನಗೆಂದು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅದಕ್ಕೂ ಹಿಂದೆ ಕೇಳಿದ್ದು ಒಂದು ಫ್ಯಾನು. ಅದೂ ಅಂಗಡಿಗೆ.

ಮದುವೆ ವ್ಯಾಪಾರದವರಿಗೆ ದಿನ ಗೊತ್ತುಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯ ಕ್ಯಾಲೆಂಡರಿನಲ್ಲಿ ಮುಹೂರ್ತವಿರುವ ದಿನಕ್ಕೆಲ್ಲ ಅಮ್ಮ ಕುಂಕುಮದ ಚುಕ್ಕೆ ಇಡುತ್ತಾಳೆ. ಚುಕ್ಕೆಯಿದ್ದ ವಾರ ಅಂಗಡಿ ಬಿಟ್ಟು ಕದಲುವಂತಿಲ್ಲ. ಹಾಳೆ ತಿರುವುತ್ತ ಹೋದಾಗ ಒಂದೂ ಚುಕ್ಕೆಯಿಲ್ಲದೆ ಮೊದಲು ಸಿಕ್ಕ ತಿಂಗಳು ಆಷಾಢ. ಆಗ ಗಿರಾಕಿಯಿಲ್ಲ, ಪೇಟಗಳ ಧೂಳು ಹೊಡೆಯುವುದು ಬಿಟ್ಟರೆ ಕೆಲಸವೂ ಇಲ್ಲ. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡಬಾರದು ಎಂದಳು ಅಜ್ಜಿ. ಇಷ್ಟು ಮಾತ್ರ ನಿಜ. ಚಿಕ್ಕಪ್ಪನ ಕಥೆ ಇಲ್ಲಿಗೇ ಮುಗಿಯುತ್ತದೆ, ನಡೆದದ್ದು ಮುಗಿಯುವುದಿಲ್ಲ.

ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಯಲ್ಲಿ ಗಂಟಲು ಹರಿದುಕೊಂಡವಳು ನಾನು. ಎದ್ದು ನಿಂತೆ. ದೋಣಿ ಹತ್ತುವುದು ಶುಭಕಾರ್ಯವೇ ಅಲ್ಲ, ಆದ್ದರಿಂದ ನಿಷೇಧ ಅದಕ್ಕೆ ತಾಕುವುದಿಲ್ಲ ಎಂದೆ. ಹೊಸದಾಗಿ ಮದುವೆಯಾದವರನ್ನು ಅಗಲಿಸುವ ತಿಂಗಳಿಗೂ, ಇಪ್ಪತ್ತೈದು ವರ್ಷದಿಂದ ಅಂಗಡಿಯನ್ನು ಅಗಲದವಳಿಗೂ ಏನು ಸಂಬಂಧ ಎಂದೆ. ಕೊನೆಗೆ ನನ್ನ ಬ್ರಹ್ಮಾಸ್ತ್ರ: “ಆಷಾಢದ ರಿಯಾಯಿತೀಲಿ ಸೀರೆ ತಗೊಂಡ್ರೆ ಏನೂ ಕೆಡಲ್ಲ, ದೋಣಿ ಹತ್ತಿದ್ರೆ ಹೆಂಗಜ್ಜಿ ಕೆಡತ್ತೆ?”

ಅಜ್ಜಿ ಉಟ್ಟಿದ್ದದ್ದು ಅದೇ ಸೀರೆ. ಒಮ್ಮೆ ಸೆರಗು ನೋಡಿಕೊಂಡಳು, ಬಾಯಲ್ಲಿದ್ದ ಅಡಿಕೆಯನ್ನು ಒಂದು ಕೆನ್ನೆಗೆ ತಳ್ಳಿದಳು. “ಆಯ್ತು ಕಣೇ, ಒಪ್ಕೊಂಡೆ. ನನಗೂ ಒಂದು ಜಾಗ ಹಿಡಿಸು.”

ವಿರೋಧ ಪಕ್ಷ ಸೋತು ಸುಮ್ಮನಾಗಲಿಲ್ಲ, ನಮ್ಮ ಪಕ್ಷಕ್ಕೇ ಬಂದು ಸೇರಿತು. ನನ್ನ ವಾದಜೀವನದಲ್ಲಿ ಅಂಥ ಗೆಲುವು ಮತ್ತೊಂದಿಲ್ಲ.

ದೋಣಿಯವರ ಸೂಚನೆಗಳು ಅವರ ವೆಬ್‌ಸೈಟಿನಲ್ಲಿದ್ದವು. ಗಟ್ಟಿ ಪೆಟ್ಟಿಗೆ ಬೇಡ, ಬಟ್ಟೆಯ ಚೀಲ ತನ್ನಿ. ಸಿಹಿನೀರನ್ನು ಅಳೆದು ಬಳಸಿ. ಬಿಳಿ ಅಡಿಯ ಮೆತ್ತನೆಯ ಶೂ ಹಾಕಿ. ನೀರಿನ ಮಾತು ಕೇಳಿ ಅಜ್ಜಿ ನಕ್ಕಳು. ಕಾವೇರಿ ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುವ ನೀರಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬರೆದು ಹೇಳಬೇಕೇ ಎಂಬುದು ಅವಳ ವಾದ. ಶೂ ಮಾತ್ರ ಸಮಸ್ಯೆಯಾಯಿತು. ಅಮ್ಮ ಹುಟ್ಟಿದಾಗಿನಿಂದ ಚಪ್ಪಲಿಯವಳು. ಗಾಂಧಿ ಬಜಾರಿನಲ್ಲಿ ನಾಲ್ಕು ಅಂಗಡಿ ಹತ್ತಿಳಿದು ಒಂದು ಜೊತೆ ತಂದೆವು. ದೋಣಿ ಓಲಾಡುವುದಕ್ಕೆ ಅಭ್ಯಾಸವಾಗಲಿ ಎಂದು ಅವಳು ಆ ಶೂ ಹಾಕಿಕೊಂಡು ಹತ್ತಿಯ ಹಾಸಿಗೆಯ ಮೇಲೆ ನಿಲ್ಲುವಳು, ಅಜ್ಜಿ ಒಂದು ಮೂಲೆ ಹಿಡಿದು ಎಳೆಯುವಳು. ಆಫೀಸಿನಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ನೋಡಿ, ತಲೆ ತಿರುಗುತ್ತದೆಂದು ಹೊರಗೆ ಹೋದರು.

ಇಷ್ಟೆಲ್ಲ ಆದ ಮೇಲೆ ನಾನು ದೋಣಿಯವರಿಗೆ ಫೋನ್ ಮಾಡಿದೆ. ಮೊದಲೇ ಯಾಕೆ ಮಾಡಲಿಲ್ಲ ಎಂದು ಕೇಳಬೇಡಿ. ನಮ್ಮಲ್ಲಿ ದಿನ ಗೊತ್ತಾದ ಮೇಲೆಯೇ ಛತ್ರ ವಿಚಾರಿಸುವುದು. ದೋಣಿಗೂ ಹಾಗೇ ಮಾಡಿದೆವು. ಅಮ್ಮ, ಅಜ್ಜಿ ಇಬ್ಬರೂ ಕೇಳಲಿ ಎಂದು ಅಂಗಡಿಯಲ್ಲೇ ಸ್ಪೀಕರ್ ಹಾಕಿದ್ದೆ. ಆ ಕಡೆಯವರು ಕಾರವಾರ ಮೂಲದವರಂತೆ, ಕನ್ನಡದಲ್ಲೇ ಮಾತಾಡಿದರು. ಆಷಾಢದ ಎರಡನೇ ವಾರ ಎಂದೆ.

“ಆಷಾಢದಲ್ಲಾ? ಆಗ ದೋಣಿ ಎಲ್ಲಾ ದಡಕ್ಕೆ ಎಳೆದು ಇಟ್ಟಿರ್ತೇವೆ ಮೇಡಂ. ಅಂಥಾ ಗಾಳಿ-ಮಳೇಲಿ ಯಾರು ಹೋಗ್ತಾರೆ?” ಆಮೇಲೆ ನಿಜವಾದ ಕನಿಕರದಿಂದ ಕೇಳಿದರು: “ನಿಮ್ಮ ಮನೇಲಿ ಹಿರಿಯರು ಯಾರೂ ಇಲ್ವಾ?”

ಹಿರಿಯರು ನನ್ನ ಎದುರಿಗೇ ಸ್ಟೂಲಿನ ಮೇಲೆ ಕೂತು ಒಂದು ಪೇಟದ ಧೂಳು ಕೊಡವುತ್ತಿದ್ದರು. ಕೊಡವಿದ್ದನ್ನೇ ಮತ್ತೆ ಕೊಡವಿದರು. ಆ ಸೌಜನ್ಯವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅಮ್ಮ ಶೂಗಳನ್ನು ಡಬ್ಬಿಗೆ ಹಾಕತೊಡಗಿದಳು. ಅಂಗಡಿಗೆ ತಂದಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ ಶೂಗಳು. ಒಂದೊಂದರ ಮೂತಿಗೂ ಅಂಗಡಿಯವನು ತುರುಕಿಕೊಟ್ಟಿದ್ದ ಕಾಗದವನ್ನೇ ಮತ್ತೆ ತುರುಕಿದಳು. ಅಜ್ಜಿ ಎದ್ದು ಕ್ಯಾಲೆಂಡರಿನ ಹಾಳೆಗಳನ್ನು ಒಟ್ಟಿಗೆ ಎತ್ತಿ ಕೊನೆಯ ತಿಂಗಳಿಗೆ ಬಂದಳು. “ಧನುರ್ಮಾಸದಲ್ಲೂ ಮದುವೆ ಇಲ್ಲ. ಆಗ ನೀರು ಹೆಂಗಿರತ್ತೆ ಅಂತ ಕೇಳು ಅವರನ್ನ.”

ತಟ್ಟೆಯಲ್ಲಿ ಹಾಲು ಹೊಯ್ದಂತೆ ಇರುತ್ತದೆ ಎಂದರು ಕಾರವಾರದವರು.

ಆದ್ದರಿಂದ ಚಿಕ್ಕಪ್ಪನವರ ಗಮನಕ್ಕೆ: ಅಜ್ಜಿ ದೋಣಿ ಮುಳುಗಿಸಲಿಲ್ಲ. ನಾನು ವಾದ ಮಾಡಿ ಮುಳುಗಿಸಿದ್ದನ್ನು ಅವಳು ಪಂಚಾಂಗ ಹಿಡಿದು ಎತ್ತಿದಳು.

ಹಾಗಾದರೆ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬೇಕು. ಚಿಕ್ಕಪ್ಪನ ಕಥೆ ಕೇಳಿದವರು ಯಾರೂ ಕೇಳಿಲ್ಲ, ಅದು ನನ್ನ ಪುಣ್ಯ. ಸಂಕ್ರಾಂತಿ ದಾಟಿದ ಕೂಡಲೇ ಮದುವೆಗಳು ಮುಗಿಬೀಳುತ್ತವೆ. ಅದಕ್ಕೆ ಬೇಕಾದ ಬಾಸಿಂಗಗಳನ್ನೆಲ್ಲ ಅಮ್ಮ ಕಟ್ಟಿಡುವುದು ಧನುರ್ಮಾಸದಲ್ಲಿ. ಕ್ಯಾಲೆಂಡರಿಗೆ ಬಿಡುವು, ಅವಳ ಕೈಗಲ್ಲ. ನಮ್ಮ ಮನೆಯಲ್ಲಿ ಬಾಸಿಂಗ ಕಟ್ಟಬಲ್ಲವರು ಮೂರೇ ಜನ. ಅಜ್ಜಿಗೆ ಈಗ ದಾರ ಕಾಣುವುದಿಲ್ಲ. ಮೂರನೆಯವಳಿಗೆ ಅಜ್ಜಿಯೇ ಶಾಲೆಯ ರಜೆಗಳಲ್ಲಿ ಕೂರಿಸಿ ಕಲಿಸಿದ್ದಳು. ಆ ಮೂರನೆಯವಳು ದೋಣಿಯ ನಕ್ಷೆ ನೋಡಿ, ಮುಂದಿನ ಕಿಟಕಿಯ ಕೋಣೆ ತನಗೇ ಎಂದು ಆಗಲೇ ಗುರುತು ಹಾಕಿಟ್ಟಿದ್ದಳು.

ಅಮ್ಮ ಆಗ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ನಾನು ‘ನೋಡೋಣ’ ಎಂದೆ. ಯಾವ ತೀರ್ಪುಗಾರರೂ ಅದನ್ನು ಉತ್ತರವೆಂದು ಒಪ್ಪುವುದಿಲ್ಲ. ಧನುರ್ಮಾಸ ಕಳೆಯಿತು, ಸಂಕ್ರಾಂತಿಯ ಎಳ್ಳೂ ಖಾಲಿಯಾಯಿತು, ಚಿಕ್ಕಪ್ಪನ ಕಥೆ ಹುಟ್ಟಿತು. ನನಗೆ ಅನುಕೂಲವಾಗಿಯೇ ಇತ್ತು, ಸುಮ್ಮನಿದ್ದೆ. ಈ ವರ್ಷದ ಕ್ಯಾಲೆಂಡರಿನಲ್ಲೂ ಚುಕ್ಕೆಗಳು ಬಿದ್ದಿವೆ. ಶೂ ಡಬ್ಬಿ ಪೇಟಗಳ ಪಕ್ಕದಲ್ಲೇ ಇದೆ. ಮೊನ್ನೆ ಅಮ್ಮ ಅದನ್ನು ಇಳಿಸಿ ಧೂಳು ಒರೆಸುತ್ತ, ಗಿರಾಕಿಯ ಹತ್ತಿರ ಅಳತೆ ಕೇಳುವ ದನಿಯಲ್ಲೇ, ಹೋದ ವರ್ಷ ನಾನು ‘ನೋಡೋಣ’ ಎಂದಿದ್ದ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು:

“ಅಜ್ಜೀನ ಕರ್ಕೊಂಡು ನಾನು ಹೋಗ್ಬರ್ತೀನಿ. ಆ ಒಂದು ವಾರ ಬಾಸಿಂಗ ನೀನು ಕಟ್ತೀಯಾ?”