ಟೆಸ್ಟ್ ಪಾಸ್, ಬಟನ್ ಫೇಲ್

ಮನೆಯಲ್ಲಿ ನನಗೆ ಸಂಶಯದ ಪಿಶಾಚಿ ಅನ್ನುತ್ತಾರೆ. ಅನ್ನಲಿ. ಬೀಗ ಹಾಕಿದ ಮೇಲೂ ಅದನ್ನು ಜಗ್ಗಿ ನೋಡುವವಳು ನಾನು. ಪುಣ್ಯಕ್ಕೆ ಆ ಚಾಳಿಗೇ ಸಂಬಳ ಕೊಡುವ ಕೆಲಸ ರಾಯಚೂರಿನಲ್ಲಿ ಸಿಕ್ಕಿದೆ. ನಮ್ಮ ಪುಟ್ಟ ಆಫೀಸಿನಲ್ಲಿ ವೆಬ್ ಪುಟಗಳನ್ನು ಕಟ್ಟುತ್ತೇವೆ. ಪುಟದ ಬಿಡಿಭಾಗಗಳು, ಅಂದರೆ ಹೆಸರು ಬರೆಯುವ ಬಾಕ್ಸ್, ಒತ್ತುವ ಬಟನ್ ಇಂಥವು, ಸರಿಯಾಗಿ ನಡೆಯುತ್ತವೆಯೇ ಎಂದು ಮನುಷ್ಯರ ಬದಲು ಒಂದು ಪ್ರೋಗ್ರಾಮೇ ಟೆಸ್ಟ್ ಮಾಡುತ್ತದೆ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಆ ಟೆಸ್ಟುಗಳ ಮೇಲೆ ಕಣ್ಣಿಡುವುದು ನನ್ನ ಪಾಲಿಗೆ ಬಂದದ್ದು.

ಆ ಸಲದ ಪುಟ ಊರಿನ ಒಂದು ಡಯಾಲಿಸಿಸ್ ಕೇಂದ್ರಕ್ಕೆ. ಮೊದಲು ಪಾಳಿ ಹಿಡಿಯಲು ದೇವದುರ್ಗ, ಮಾನ್ವಿ ಕಡೆಯವರು ನಸುಕಿನ ಬಸ್ಸಿಗೆ ಬಂದು ಕಿಟಕಿಯ ಮುಂದೆ ನಿಲ್ಲಬೇಕಿತ್ತು. ಪುಟ ಶುರುವಾದದ್ದೇ ತಡ, ಕಿಟಕಿ ಮುಚ್ಚಿದರು. ಇನ್ನು ಹೆಸರು ಹಚ್ಚುವುದೆಲ್ಲ ಫೋನಿನಲ್ಲೇ. ದೇವದುರ್ಗದ ನಮ್ಮ ಚಿಗವ್ವನ ಗಂಡ, ನನ್ನ ಕಾಕಾ, ಅಲ್ಲಿಗೇ ಬರುತ್ತಾನೆ. ಒಂದು ಪಾಳಿ ತಪ್ಪಿದರೆ ಅವನ ಮುಖ ಬಾತು, ಉಸಿರಾಡುವುದೇ ಕಷ್ಟವಾಗುತ್ತದೆ.

ಬಾಕ್ಸ್, ಬಟನ್ ಎರಡನ್ನೂ ಮಾಡಿದವನು ನನ್ನ ಪಕ್ಕದ ಕುರ್ಚಿಯ ಸಹೋದ್ಯೋಗಿ. ಅವುಗಳ ಟೆಸ್ಟನ್ನೂ ಅವನೇ ಬರೆದಿದ್ದ. ತಾನೇ ಪ್ರಶ್ನೆಪತ್ರಿಕೆ ತೆಗೆದು ತಾನೇ ಉತ್ತರ ಬರೆದ ಹಾಗೆ! ಎಲ್ಲವೂ ಹಸಿರು. ಒಂದೂ ಕೆಂಪಿಲ್ಲದ ದಿನ ನನಗೆ ಊಟ ಸೇರುವುದಿಲ್ಲ.

ಮಾನ್ವಿಯಿಂದ ಹೆಸರುಗಳು ಬಂದವು. ಅಲ್ಲಿ ಬಸ್ ಸ್ಟ್ಯಾಂಡ್ ಬಳಿಯ ಆನ್‌ಲೈನ್ ಅಂಗಡಿಯವನು ಎಲ್ಲರಿಗೂ ಟೈಪ್ ಮಾಡಿಕೊಡುತ್ತಿದ್ದನಂತೆ. ದೇವದುರ್ಗದಿಂದ ಒಂದೂ ಇಲ್ಲ.

“ಅಲ್ಲಿ ನೆಟ್ ಬರಂಗಿಲ್ರೀ ಅಕ್ಕಾ,” ಎಂದ ಸಹೋದ್ಯೋಗಿ.

“ರೀಲ್ಸ್ ನೋಡಾಕ ಬರ್ತದ, ಹೆಸರು ಹಚ್ಚಾಕ ಬರಂಗಿಲ್ಲೇನು?”

ಫೇಲಾದ ಟೆಸ್ಟುಗಳನ್ನು ಇವನೇ ಬಚ್ಚಿಟ್ಟಿದ್ದಾನೆ ಎಂದುಕೊಂಡು ಎಲ್ಲವನ್ನೂ ಜಾಲಾಡಿದೆ. ಸಿಗಲಿಲ್ಲ. ಕೇಂದ್ರದವರೇ ತಮ್ಮವರಿಗೆ ಪಾಳಿ ಹಿಡಿದಿಟ್ಟು ಆಟ ಹೂಡಿದ್ದಾರೆ ಅನಿಸಿತು. ಅದಕ್ಕೂ ಸಾಕ್ಷಿಯಿಲ್ಲ. ಅಷ್ಟರಲ್ಲಿ ಚಿಗವ್ವನ ಫೋನ್ ಬಂತು.

“ಯವ್ವಾ, ನಿಮ್ಮ ಬಟನ್ ಒತ್ತಿದ್ರ ಒತ್ತವಲ್ದು ಬೇ. ನಾಡದು ನಿಮ್ಮ ಕಾಕಾಗ ಪಾಳಿ ಬೇಕು. ಏನ್ ಮಾಡ್ಲಿ?”

“ಹೆಸರು ಹಾಕಿಯೇನು?”

“ಹಾಕೀನಿ, ಕಣ್ಣಿಗೆ ಕಾಣಾಕತ್ತದ.”

ಹೆಸರು ತುಂಬಿದರೆ ಮಂಕಾಗಿ ಬಿದ್ದ ಬಟನ್ ತಾನಾಗಿ ಬಣ್ಣ ಬಂದು ಏಳಬೇಕು, ಒತ್ತಲು ಸಿಗಬೇಕು. ಫೋನಿನಲ್ಲಿ ಕೇಳಿದ್ದನ್ನು ನಂಬುವವಳಲ್ಲ ನಾನು. ದೇವದುರ್ಗದ ಬಸ್ ಹತ್ತಿದೆ.

ಚಿಗವ್ವ ಕಟ್ಟೆಯ ಮೇಲೆ ಕೂತು ಮಾಡಿ ತೋರಿಸಿದಳು. ಫೋನಿನ ಮೈಕ್ ಗುರುತು ಒತ್ತಿ, ಫೋನನ್ನು ತುಟಿಯ ಹತ್ತಿರ ತಂದು ಕಾಕಾನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಅಕ್ಷರಗಳು ಬಾಕ್ಸಿನಲ್ಲಿ ಮೂಡಿದವು. ಬಟನ್ ಮಾತ್ರ ಬೂದಿ ಬಣ್ಣದಲ್ಲೇ ಬಿದ್ದಿತ್ತು. ಅಳಿಸಿ ನಾನು ಟೈಪ್ ಮಾಡಿದೆ. ಎದ್ದಿತು!

“ನೋಡು, ನಿನ್ನ ಬೆರಳು ಅಂದ್ರ ಅದಕ್ಕ ಅಕ್ಕರತಿ,” ಎಂದಳು.

ಅಯ್ಯೋ ನನ್ನ ಕರ್ಮವೇ! ಒತ್ತಕ್ಷರದ ಗೋಜು ಯಾರಿಗೆ ಬೇಕೆಂದು ಆ ಊರಿನಲ್ಲಿ ಎಲ್ಲರೂ ಫೋನಿಗೆ ಬಾಯಿಂದಲೇ ಹೇಳುತ್ತಾರೆ. ನಮ್ಮ ಬಾಕ್ಸ್ ಕಾಯುತ್ತಿದ್ದುದು ಕೀಬೋರ್ಡಿನ ಕೀಲಿಗಳನ್ನು ಒತ್ತುವುದನ್ನು; ಬಾಯಿಂದ ಬಂದ ಹೆಸರು ಅದರ ಲೆಕ್ಕಕ್ಕೇ ಇಲ್ಲ. ಟೆಸ್ಟ್ ಕೂಡ ಕೀಲಿ ಒತ್ತಿಯೇ ನೋಡುತ್ತಿತ್ತು. ಪಾಸಾಗದೆ ಏನು!

ಕಾಕಾನ ಹೆಸರನ್ನು ನಾನೇ ಹಚ್ಚಿದೆ. ಪಾಳಿ ಸಿಕ್ಕಿದೆ ಎಂದು ಮೆಸೇಜ್ ಬಂತು. ಚಿಗವ್ವ ಅದನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಖರೇನ ಅದೇನು ಇದು?”

“ಖರೇನ ಚಿಗವ್ವಾ,” ಎಂದೆ. ಹೇಳುವುದೇನೋ ಹೇಳಿದೆ. ಆ ಮೆಸೇಜಿನ ಟೆಸ್ಟ್ ಬರೆದವನೂ ಅದೇ ಮಹಾಶಯನಲ್ಲವೇ?

ಆಫೀಸಿಗೆ ಬಂದವಳೇ ಯಾವ ಕೀಲಿಯನ್ನೂ ಒತ್ತದೆ ಬಾಕ್ಸ್ ತುಂಬುವ ಹೊಸ ಟೆಸ್ಟ್ ಬರೆದೆ. ಕೆಂಪು! ಆಹಾ, ಹೊಟ್ಟೆ ತಣ್ಣಗಾಯಿತು.

“ಬಾಯಿಲೆ ಹೇಳ್ತಾರಂತ ಯಾರಿಗ್ ಗೊತ್ತಿತ್ರೀ ಅಕ್ಕಾ?”

“ದೇವದುರ್ಗ ಏನ್ ಅಮೆರಿಕದಾಗ ಅದೇನಪ್ಪಾ? ಬಸ್ ಹತ್ತಿದ್ರ ಗೊತ್ತಾಗ್ತಿತ್ತು.”

ಪಾಪ, ಮುಖ ಸಣ್ಣದು ಮಾಡಿಕೊಂಡು ಕೂತು ರಿಪೇರಿ ಮಾಡಿದ. ಸಂಜೆಯ ಹೊತ್ತಿಗೆ ದೇವದುರ್ಗದ ಹೆಸರುಗಳು ಬರತೊಡಗಿದವು. ಟೆಸ್ಟುಗಳೆಲ್ಲ ಮತ್ತೆ ಹಸಿರು. ನನಗೆ ಮತ್ತೆ ಊಟ ಸೇರಲಿಲ್ಲ.

ಪಾಳಿಯ ದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಬದಲು ನೇರ ಕೇಂದ್ರಕ್ಕೆ ಹೋದೆ. ಕಾಕಾನ ಪಾಳಿ ಇದ್ದದ್ದು ಮಧ್ಯಾಹ್ನ. ಆದರೆ ಅವನು ಆಗಲೇ ಬೆಂಚಿನ ಮೇಲೆ ಶಾಲು ಹೊದ್ದು ಒರಗಿದ್ದಾನೆ, ಚಿಗವ್ವ ಮುಚ್ಚಿದ ಕಿಟಕಿಯ ಮುಂದೆ ಕಾವಲು ನಿಂತಿದ್ದಾಳೆ. ನಸುಕಿನ ಬಸ್ಸಿಗೇ ಬಂದಿದ್ದರು. ನನಗೆ ರೇಗಿತು.

“ಮೆಸೇಜ್ ಬಂದದಲ್ಲ ಚಿಗವ್ವಾ, ಇಷ್ಟ್ ಲಗೂ ಯಾಕ ಬಂದಿ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನನಗ ನಂಬಿಕಿ ಬರಲಿಲ್ಲ, ಬಂದೆ. ಮಾಡಿದಾಕಿ ನೀ ಯಾಕ ಬಂದಿ ಬೇ?”

ಅವಳ ಪಕ್ಕ ಹೋಗಿ ನಿಂತೆ. ಒಳಗಿನಿಂದ ಕಾಕಾನ ಹೆಸರು ಕೂಗುವ ತನಕ ನಾವಿಬ್ಬರೂ ಕೂಡಲೂ ಇಲ್ಲ.