ಸುಭಾಷಿಣಿಯ ಬಯೋಡೇಟಾ

ಹಿರಿಯಡ್ಕ ಬಸ್‌ಸ್ಟ್ಯಾಂಡಿನ ಎದುರು ನನ್ನ ಟೈಪಿಂಗ್ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಮಣಿಪಾಲದ ದೊಡ್ಡ ದೊಡ್ಡ ಹುದ್ದೆಯವರ ಬಯೋಡೇಟಾಗಳೂ ನನ್ನ ಕೈದಾಟಿ ಹೋಗಿವೆ. ಅವುಗಳಲ್ಲಿ ಅರ್ಧಕ್ಕರ್ಧ ಬೊಗಳೆ. ಹಾಗಾಗಿ ಕುಕ್ಕುಂದೂರಿನ ಸುಭಾಷಿಣಿ ತಂದ ಒಂದೇ ಒಂದು ಹಾಳೆ ನೋಡಿ ನನಗೆ ಮೈ ಉರಿಯಿತು.

ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ಅಂಕ, ಹವ್ಯಾಸ ಹೊಲಿಗೆ. ಕೆಳಗೆ ಒಂದೇ ಸಾಲು: ಗೇರುಬೀಜ ಕಾರ್ಖಾನೆಯಲ್ಲಿ ಗುಮಾಸ್ತೆ, ಇಪ್ಪತ್ತಾರು ವರ್ಷ. ಅರ್ಜಿ ಹಾಕುತ್ತಿದ್ದದ್ದು ಕಾರ್ಕಳದ ಗೇರುಬೀಜ ಕಂಪೆನಿಯೊಂದರ ಜನರಲ್ ಮ್ಯಾನೇಜರ್ ಹುದ್ದೆಗೆ! ಅವಳ ಧಣಿ ವಿಷ್ಣುಮೂರ್ತಿ ರಾಯರು ವಯಸ್ಸಾಯಿತೆಂದು ಕಾರ್ಖಾನೆ ಮುಚ್ಚುವವರಿದ್ದರು. ಈ ಕೆಲಸ ತಪ್ಪಿದರೆ ಐವತ್ಮೂರನೇ ವಯಸ್ಸಿನಲ್ಲಿ ಅವಳು ಇನ್ನೊಬ್ಬರ ಕೈಕೆಳಗೆ ಮತ್ತೆ ಗುಮಾಸ್ತೆ.

"ಬೀಜ ನೋಡಿ ಖರೀದಿ ಮಾಡುವುದು ಯಾರು?" ಎಂದು ಕೇಳಿದೆ.

"ನಾನೇ."

"ಇನ್ನೂರು ಹೆಂಗಸರಿಗೆ ಕೆಲಸ ಹಂಚುವುದು?"

"ಅದೂ ನಾನೇ. ಅದನ್ನೆಲ್ಲ ಬರೆಯಲಿಕ್ಕೆ ಉಂಟಾ, ಬೆನೆಡಿಕ್ಟಾ ಬಾಯಿ?"

"ಮತ್ತೆಂತ, ಹೊಲಿಗೆ ಬರೆಯುವುದಾ ಮಾರಾಯ್ತಿ?"

ಹೊಲಿಗೆ, ಅಂಕ ಎರಡನ್ನೂ ತೆಗೆದು ಹಾಕಿದೆ. ದೊಡ್ಡ ಹುದ್ದೆಗೆ ಆಳು ಆರಿಸುವವರು ಮೊದಲ ಅರ್ಧ ಪುಟವನ್ನಷ್ಟೇ ಓದುತ್ತಾರೆ. ಅವಳು ಬಂದ ಮೇಲೆ ಕಾರ್ಖಾನೆಯಲ್ಲಿ ಏನು ಬದಲಾಯಿತು ಎಂಬುದು ಆ ಅರ್ಧ ಪುಟದಲ್ಲೇ ಇರಬೇಕು. ಬೀಜ ಒಡೆದು ಹಾಳಾಗುವುದನ್ನು ಅರ್ಧಕ್ಕಿಳಿಸಿದ್ದು, ಹದಿನೆಂಟು ವರ್ಷ ಬಿಟ್ಟುಹೋಗದ ವಿದೇಶಿ ಗಿರಾಕಿಗಳು, ಎಲ್ಲವನ್ನೂ ಅವಳ ಬಾಯಿಂದ ಹೊರಡಿಸುವಷ್ಟರಲ್ಲಿ ಸಾಕುಸಾಕಾಯಿತು. ರಾಯರು ಹೃದಯದ ಕಾಯಿಲೆಯಿಂದ ಮಲಗಿದ್ದಾಗ ಕಾರ್ಖಾನೆ ಒಂದು ದಿನವೂ ನಿಂತಿರಲಿಲ್ಲ. ಅದನ್ನೂ ಧೈರ್ಯವಾಗಿ ಸೇರಿಸಿದೆ: "ಮಾಲೀಕರ ಅನುಪಸ್ಥಿತಿಯಲ್ಲಿ ಎಂಟು ತಿಂಗಳು ಕಾರ್ಖಾನೆಯನ್ನು ಸ್ವತಃ ನಡೆಸಿದ್ದು."

ಸುಭಾಷಿಣಿಯ ಮುಖ ಬಿಳಚಿತು. "ಧಣಿಗಳು ಓದಿದರೆ ಎಂತ ಹೇಳಿಯಾರು?"

ಕಾರ್ಕಳದವರು ಹೇಗೂ ರಾಯರನ್ನು ವಿಚಾರಿಸುವವರೇ. ತೋರಿಸದೆ ಕಳಿಸುವುದಿಲ್ಲ ಎಂದು ಅವಳು ಹಟ ಹಿಡಿದಳು. ಇಬ್ಬರೂ ಅವರ ಮನೆಗೆ ಹೋದೆವು.

ರಾಯರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದರಲ್ಲಿ ಒಂದು ಸುಳ್ಳು ಉಂಟು," ಎಂದು ಪೆನ್ನು ಕೇಳಿದರು. ಸುಭಾಷಿಣಿ ತಲೆ ತಗ್ಗಿಸಿದಳು. ನಾನೇ ಇವಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದುಕೊಳ್ಳುತ್ತಾ ಪೆನ್ನು ಕೊಟ್ಟೆ.

ಅವರು "ಮಾಲೀಕರ ಅನುಪಸ್ಥಿತಿಯಲ್ಲಿ ಎಂಟು ತಿಂಗಳು" ಎಂಬುದನ್ನು ಹೊಡೆದುಹಾಕಿ, ಮೇಲೆ "ಇಪ್ಪತ್ತಾರು ವರ್ಷ" ಎಂದು ಬರೆದು ಸಹಿ ಹಾಕಿದರು.

"ನಾನು ಇದ್ದಾಗಲೂ ನಡೆಸಿದ್ದು ಇವಳೇ ಅಲ್ವಾ? ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ, ಅಷ್ಟೇ."

ಸುಭಾಷಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷದ ನನ್ನ ಕಸುಬಿನಲ್ಲಿ ಹಾಗೆ ಹೆಮ್ಮೆಪಟ್ಟದ್ದು ಅದೇ ಮೊದಲು. ಹೊಸ ಪ್ರತಿ ತೆಗೆಯದೆ, ಆ ಗೀಟು, ಆ ಸಹಿ ಸಮೇತ ಅದೇ ಹಾಳೆಯನ್ನು ಕಳಿಸಿದೆವು.

ಕಾರ್ಕಳದ ಆ ಕಂಪೆನಿಯ ಮೂರು ಕಾರ್ಖಾನೆಗಳನ್ನು ಈಗ ಅವಳೇ ನಡೆಸುತ್ತಿದ್ದಾಳೆ. ಈ ಸಲ ಬಾಗಿಲ ಮೇಲೆ ಅವಳ ಹೆಸರೂ ಉಂಟು.