ಅರಿಶಿನ ಹಚ್ಚಿದ ಲಕೋಟೆ

ಹಳೇ ಅರಿಶಿನಕ್ಕೆ ಒಂದು ವಾಸನೆಯಿದೆ, ನೋಡಿ. ಕಾಗದಕ್ಕೆ ಅಂಟಿದ್ದು ವರ್ಷಗಟ್ಟಲೆ ಹೋಗುವುದಿಲ್ಲ. ಬೆಳಿಗ್ಗೆ ಮಗಳು ಶ್ರೀಲತಾ ಎನ್.ಆರ್. ಪುರದಿಂದ ಫೋನ್ ಮಾಡಿ, "ಅಪ್ಪಯ್ಯ, ಇಷ್ಟು ವರ್ಷದ ಮೇಲೆ ಅಂತೂ ನಮ್ಮ ಮದ್ವೆ ರಿಜಿಸ್ಟರ್ ಮಾಡಿಸ್ತಿದೀವಿ. ನಮ್ಮ ಲಗ್ನಪತ್ರಿಕೆ ಬೇಕಂತೆ, ಹುಡುಕಿಡಿ" ಎಂದಳು. ಜಾತಕದ ಪೆಟ್ಟಿಗೆ ತೆಗೆದೆ. ಪತ್ರಿಕೆಗಿಂತ ಮೊದಲು ಸಿಕ್ಕಿದ್ದು ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ಒಂದು ಲಕೋಟೆ.

ನಾನು ಕಿಗ್ಗದಲ್ಲಿ ಜಾತಕ ನೋಡುವವನು. ಶೃಂಗೇರಿ, ಕೊಪ್ಪದಿಂದಲೂ ಜನ ಬರುತ್ತಾರೆ. ಎರಡು ಜಾತಕ ಕೈಗೆ ಬಂದರೆ ಹುಡುಗ ಹುಡುಗಿಯ ಗುಟ್ಟೆಲ್ಲ ಜಾಲಾಡಿಬಿಡುತ್ತೇನೆ ಎಂಬ ಜಂಬ ನನಗೆ. ಆ ಜಂಬ ಇಳಿಸಿದವಳು ಸ್ವಂತ ಮಗಳೇ.

ಆಗ ಅವಳು ಕೊಪ್ಪದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಹುಡುಗ ಕಡಹಿನಬೈಲಿನ ರಾಘವ, ಎನ್.ಆರ್. ಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಇಬ್ಬರೂ ಫೋನಿನಲ್ಲಿ ತಿಂಗಳುಗಟ್ಟಲೆ ಮಾತಾಡಿ ಮೆಚ್ಚಿಕೊಂಡಿದ್ದರು, ಜಾತಕವೂ ಚೆನ್ನಾಗಿ ಕೂಡಿತ್ತು. ಮಾತುಕತೆಗೆ ಬಂದವರಿಗೆ ಕಾಫಿ ಕೊಟ್ಟು ಮಗಳು ನಿಂತಲ್ಲೇ ಹೇಳಿದಳು: "ಜಾತಕ ಕೂಡ್ತು. ಮದ್ವೆಗೆ ಮೊದ್ಲು ಇಬ್ರೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಬೇಕು. ಎಚ್‌ಐವಿ, ಹೆಪಟೈಟಿಸ್, ಎಲ್ಲದೂ."

ಅಯ್ಯೋ ದೇವರೇ! ಹುಡುಗನ ಸೋದರಮಾವ ಲೋಟ ಕೆಳಗಿಟ್ಟರು. "ಎಂತ ಭಟ್ರೇ ಇದು? ನಮ್ಮ ಮಾಣಿ ಮೇಲೆ ಅನುಮಾನವಾ?"

"ಅನುಮಾನ ಇದ್ದಿದ್ರೆ ಬೇಡ ಅಂತಿದ್ದೆ ಮಾವ. ಬೇಕು ಅಂತ್ಲೇ ಕೇಳ್ತಿರೋದು" ಎಂದಳು ಮಗಳು.

"ಬಾಯಿ ಮುಚ್ಚೇ" ಎಂದೆ ನಾನು. ಹೌದು, ಹಾಗೇ ಎಂದೆ, ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಬಂದವರು ಎದ್ದು ಹೊರಟರು. ರಾಘವ ಹೊಸಿಲಲ್ಲಿ ಒಮ್ಮೆ ತಿರುಗಿ ನೋಡಿದ.

ನಾಲ್ಕು ದಿನ ಸುದ್ದಿಯಿಲ್ಲ. ಊರಿನವರ ಸಂಬಂಧ ಕೂಡಿಸುವ ಭಟ್ಟನ ಮಗಳ ಸಂಬಂಧವೇ ಮುರಿಯಿತು ಎಂದು ಜನ ಆಡಿಕೊಳ್ಳುತ್ತಾರಲ್ಲ! ಮನಸ್ಸಿಗೆ ಬಂದ ಹಾಗೆ ಬೈದೆ. ಅವಳು ಅತ್ತಳು, ಆದರೆ ಆಡಿದ ಮಾತನ್ನು ಹಿಂತೆಗೆಯಲಿಲ್ಲ.

"ನಂಗೂ ಅವ್ರು ಬೇಕು ಅಪ್ಪಯ್ಯ. ಆದ್ರೆ ಇಷ್ಟು ಕೇಳಕ್ಕೇ ಹೆದರ್ಬೇಕು ಅಂದ್ರೆ ಜೊತೇಲಿ ಬಾಳೋದು ಹೆಂಗೆ? ಕ್ಲಾಸಲ್ಲಿ ಎಚ್‌ಐವಿ ಪಾಠ ಬಂದ್ರೆ ಕೆಲವ್ರು 'ಮನೇಲಿ ಓದ್ಕೊಳಿ' ಅಂತ ಹಾರಿಸ್ತಾರೆ. ನಾನು ಹಾರಿಸಲ್ಲ. ಈಗ ನನ್ನ ಸರದಿ ಬಂದಾಗ ಹಾರಿಸ್ಲಾ?"

ಐದನೇ ದಿನ ಅಂಗಳದಲ್ಲಿ ಬೈಕಿನ ಸದ್ದು. ರಾಘವ ಒಬ್ಬನೇ ಬಂದಿದ್ದ. "ಮಾವನ್ನ ಒಪ್ಪಿಸೋಕೆ ಇಷ್ಟು ದಿನ ಬೇಕಾಯ್ತು ಭಟ್ರೇ. ನಾಳೆ ಸರ್ಕಾರಿ ಆಸ್ಪತ್ರೆಗೆ ಹೋಗ್ತಿದೀನಿ. ನಿಮ್ಮ ಮಗಳೂ ಬರ್ತಾರಾ ಕೇಳಿ. ನಂಗೆ ಸೂಜಿ ಕಂಡ್ರೆ ಹೆದರಿಕೆ ಮಾರಾಯ್ರೇ!" ಒಳಗಿನಿಂದ ಮಗಳು ನಕ್ಕದ್ದು ನನಗೂ ಕೇಳಿಸಿತು.

ವಾರದ ಮೇಲೆ ಮಗಳು ಎರಡೂ ವರದಿಗಳನ್ನು ಒಂದೇ ಲಕೋಟೆಗೆ ಹಾಕಿ, ಅಂಟಿಸಿಕೊಂಡೇ ತಂದಳು. ನಾನು ಕನ್ನಡಕ ಏರಿಸಿ ಕೈ ಚಾಚಿದೆ.

"ಓದ್ಬೇಕಾದ್ದು ನಾವಿಬ್ರು, ಓದಿದ್ವಿ. ಡಾಕ್ಟ್ರ ಹತ್ರ ಕೂತು ಮಾತಾಡಿದ್ವಿ. ಮದ್ವೆ ಆಗ್ತೀವಿ. ಒಳಗಿರೋದು ನಮ್ಮಿಬ್ರದು ಅಪ್ಪಯ್ಯ" ಎಂದಳು.

ಮುಖ ಗಂಟಿಕ್ಕಿ ಕೂತ ನನ್ನ ಮುಂದೆ ಹೆಂಡತಿ ಅರಿಶಿನದ ಬಟ್ಟಲು ತಂದಿಟ್ಟಳು. "ಜಾತಕದ ಜೊತೆ ಇಡೋದಲ್ವಾ? ಹೊರಗಿಂದ್ಲೇ ಹಚ್ಚಿ." ಬೇರೆ ದಾರಿಯಿಲ್ಲದೆ ಹಚ್ಚಿದೆ.

ಹೆಂಡತಿ ಹೊರಗೆ ಹೋಗಿದ್ದಾಳೆ, ಈಗ ಮನೆಯಲ್ಲಿ ನಾನೊಬ್ಬನೇ. ಅಂಟು ಒಣಗಿ ಲಕೋಟೆ ತಾನಾಗಿಯೇ ಬಾಯಿ ಬಿಟ್ಟಿದೆ. ಒಂದು ಬೆರಳು ತೂರಿಸಿದರೆ ಸಾಕು. ಬೆರಳು ಅಲ್ಲಿಯವರೆಗೆ ಹೋಯಿತು ಕೂಡ, ಸುಳ್ಳು ಯಾಕೆ ಹೇಳಲಿ? ಆಮೇಲೆ ಎದ್ದು ಹೋಗಿ ಗೋಂದು ತಂದು ಮತ್ತೆ ಅಂಟಿಸಿದೆ.

ಈಚೆಗೆ ಜಾತಕ ಹಿಡಿದು ಬಂದವರಿಗೆಲ್ಲ, "ಹುಡುಗ ಹುಡುಗಿ ಇಬ್ಬರೂ ಆಸ್ಪತ್ರೆಗೂ ಹೋಗಿ ಬರಲಿ" ಎನ್ನುತ್ತೇನೆ. ಕೆಲವರು ಮುಖ ಸಿಂಡರಿಸಿ, "ನಿಮ್ಮ ಮಗಳದ್ದು ಎಂತ ಬಂದಿತ್ತು ಭಟ್ರೇ?" ಎಂದು ಕೆಣಕುತ್ತಾರೆ.

"ಯಾರಿಗೆ ಗೊತ್ತು ಮಾರಾಯ? ನಂಗೆ ತೋರಿಸ್ಲೇ ಇಲ್ಲ ಅವ್ಳು!" ಎನ್ನುತ್ತೇನೆ, ಎದೆಯುಬ್ಬಿಸಿ.